ತಾಯಿಯ ತಲೆಗೆ ಕಟ್ಟಿದ ಅಪರಾಧ

1938ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯರಿಗೆ ಒಂದು ಕಾಗದ ಬಂತು. ಟೈಪ್ ಮಾಡಿದ 33 ಪುಟಗಳ ಕಾಗದ ಅದು. ಬರೆದವರು ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ವಕೀಲ ಬೀಮನ್ ಟ್ರಿಪ್ಲೆಟ್. ಪುಟಪುಟದಲ್ಲೂ ಇದ್ದದ್ದು ಅವರ ಮಗ ಡೊನಾಲ್ಡ್‌ನ ವಿಷಯ.

ಡೊನಾಲ್ಡ್ ಒಂದು ವರ್ಷದ ಕೂಸಾಗಿದ್ದಾಗಲೇ ಕೇಳಿದ ಹಾಡುಗಳ ಧಾಟಿಯನ್ನು ತಪ್ಪಿಲ್ಲದೆ ಗುನುಗುತ್ತಿದ್ದ. ಎರಡು ತುಂಬುವ ಹೊತ್ತಿಗೆ ಬೈಬಲ್ಲಿನ 23ನೇ ಕೀರ್ತನೆ ಅವನಿಗೆ ಬಾಯಿಪಾಠ. ಚರ್ಚಿನ ಧರ್ಮಬೋಧೆಯ 25 ಪ್ರಶ್ನೆಗಳೂ ಉತ್ತರಗಳೂ ಕಂಠಪಾಠ. ಆದರೆ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಅಪ್ಪ ಮನೆಗೆ ಬಂದರೂ ಬಾರದಿದ್ದರೂ ಅವನಿಗೆ ಒಂದೇ. ಪಾತ್ರೆಯ ಮುಚ್ಚಳವೋ ತಟ್ಟೆಯೋ ಸಿಕ್ಕರೆ ನೆಲದ ಮೇಲೆ ಗಿರಗಿರನೆ ತಿರುಗಿಸಿ ಕುಣಿದಾಡುತ್ತಿದ್ದ. ತನಗೆ ಸ್ನಾನ ಮಾಡಬೇಕೆನಿಸಿದರೆ "ನಿನಗೆ ಸ್ನಾನ ಬೇಕಾ?" ಎನ್ನುತ್ತಿದ್ದ, ಅಮ್ಮ ಅವನನ್ನು ಕೇಳುತ್ತಿದ್ದ ಹಾಗೆಯೇ. ವೈದ್ಯರ ಸಲಹೆಯಂತೆ ತಂದೆತಾಯಿ ಮೂರು ವರ್ಷದ ಮಗನನ್ನು ದೂರದ ಸರ್ಕಾರಿ ಆರೈಕೆ ಕೇಂದ್ರದಲ್ಲಿ ಬಿಟ್ಟರು. ಮನಸ್ಸು ತಡೆಯದೆ ಸುಮಾರು ಒಂದು ವರ್ಷದ ಮೇಲೆ, ಅಲ್ಲಿನವರು ಬೇಡವೆಂದರೂ ಮನೆಗೆ ಕರೆತಂದರು.

ಆ ಕಾಗದ ಓದಿದ ವೈದ್ಯರು ಲಿಯೊ ಕ್ಯಾನರ್. ಈಗಿನ ಯುಕ್ರೇನಿಗೆ ಸೇರಿದ ಹಳ್ಳಿಯೊಂದರಲ್ಲಿ 1894ರಲ್ಲಿ ಹುಟ್ಟಿ, ಬರ್ಲಿನ್‌ನಲ್ಲಿ ವೈದ್ಯಕೀಯ ಓದಿ, 1924ರಲ್ಲಿ ಅಮೆರಿಕಕ್ಕೆ ಬಂದವರು. ಮಕ್ಕಳ ಮನೋವೈದ್ಯಕೀಯದ ಬಗ್ಗೆ ಇಂಗ್ಲಿಷಿನಲ್ಲಿ ಮೊದಲ ಪಠ್ಯಪುಸ್ತಕ ಬರೆದವರೂ ಅವರೇ. 1938ರ ಅಕ್ಟೋಬರಿನಲ್ಲಿ ಡೊನಾಲ್ಡ್‌ನನ್ನು ಅವರ ಚಿಕಿತ್ಸಾಲಯಕ್ಕೆ ಕರೆತಂದರು. ಹುಡುಗ ನೆಲದ ಮೇಲೆ ಕುಳಿತು ಮರದ ತುಂಡುಗಳನ್ನು ಜೋಡಿಸುತ್ತಿದ್ದ. ಯಾರೋ ತುಂಡಿನ ಮೇಲೆ ಕಾಲಿಟ್ಟರೆ ಸಿಟ್ಟಿನಿಂದ ಆ ಕಾಲನ್ನು ತಳ್ಳುತ್ತಿದ್ದ. ಆದರೆ ತಲೆ ಎತ್ತಿ ಕಾಲು ಯಾರದೆಂದು ನೋಡುತ್ತಿರಲಿಲ್ಲ. ಅವನ ಸಿಟ್ಟೆಲ್ಲ ಕಾಲಿನ ಮೇಲೆ. ಕಾಲಿನ ಒಡೆಯ ಅವನ ಪಾಲಿಗೆ ಅಲ್ಲಿ ಇರಲೇ ಇಲ್ಲ.

ಕ್ಯಾನರ್ ಇಂಥ ಮಕ್ಕಳನ್ನು ಒಬ್ಬೊಬ್ಬರಾಗಿ ಗುರುತಿಸುತ್ತ ಹೋದರು. 1943ರಲ್ಲಿ ಎಂಟು ಹುಡುಗರು, ಮೂವರು ಹುಡುಗಿಯರು, ಒಟ್ಟು 11 ಮಕ್ಕಳ ಕುರಿತ ಅವರ ಪ್ರಬಂಧ ಪ್ರಕಟವಾಯಿತು. ಮೊದಲ ಪ್ರಕರಣ ಡೊನಾಲ್ಡ್‌ನದು. ಆಟಿಸಂ ಎಂದು ಇಂದು ನಾವು ಕರೆಯುವ ಸ್ಥಿತಿಯ ಅಧ್ಯಯನಕ್ಕೆ ಬುನಾದಿ ಹಾಕಿದ್ದು ಈ ಪ್ರಬಂಧ. ಇದಕ್ಕೂ ಮೊದಲು, 1925ರಲ್ಲೇ, ಮಾಸ್ಕೋದ ಗ್ರುನ್ಯಾ ಸುಖರೇವಾ ಇಂಥ ಹುಡುಗರ ವಿವರ ಬರೆದಿದ್ದರು. 1944ರಲ್ಲಿ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಬರೆದರು. ಆಸ್ಪರ್ಗರ್ ಈ ಸ್ವಭಾವ ವಂಶದಲ್ಲಿ ಹರಿದು ಬರುತ್ತದೆಂದು ಕಂಡುಕೊಂಡಿದ್ದರು. ನಾತ್ಸಿ ಆಡಳಿತದೊಂದಿಗೆ ಅವರಿಗಿದ್ದ ನಂಟಿನ ದಾಖಲೆಗಳು 2018ರಲ್ಲಿ ಹೊರಬಂದು ಅವರ ಹೆಸರಿಗೆ ಕರಿನೆರಳು ಕವಿದಿದೆ. ಈ ಎರಡೂ ಬರಹಗಳು ಇಂಗ್ಲಿಷ್ ಜಗತ್ತಿನ ಕಣ್ಣಿಗೆ ಬೀಳಲು ದಶಕಗಳೇ ಬೇಕಾದವು. ಹೀಗಾಗಿ ಮುಂದಿನ ಕತೆಯೆಲ್ಲ ಬಾಲ್ಟಿಮೋರಿನ ದಾರಿ ಹಿಡಿಯಿತು.

ಆ ದಾರಿ ಶುರುವಿನಲ್ಲೇ ಕವಲೊಡೆದಿತ್ತು. ಈ ಮಕ್ಕಳು ಇತರರೊಡನೆ ಭಾವದ ನಂಟು ಬೆಳೆಸುವ ಸಹಜ ಶಕ್ತಿಯ ಕೊರತೆಯೊಂದಿಗೇ ಹುಟ್ಟಿದ್ದಾರೆಂದು ಕ್ಯಾನರ್ ಪ್ರಬಂಧದ ಕೊನೆಗೆ ತೀರ್ಮಾನಿಸಿದ್ದರು. ಅದೇ ಪ್ರಬಂಧದಲ್ಲಿ ಇನ್ನೊಂದು ಮಾತೂ ಇತ್ತು. ಈ ಮಕ್ಕಳ ತಂದೆತಾಯಂದಿರು ಬಹಳ ಓದಿದವರು, ಬುದ್ಧಿವಂತರು, ಆದರೆ ನಿಜವಾದ ಅಕ್ಕರೆಯವರು ಅವರಲ್ಲಿ ಕಡಿಮೆ ಎಂಬ ಮಾತು. ಅದಕ್ಕೆ ಕೊಟ್ಟ ಸಾಕ್ಷ್ಯಗಳಲ್ಲಿ ಒಂದು ಎದೆ ಕಲಕುವಂಥದ್ದು. ಮಕ್ಕಳ ಬಗ್ಗೆ ಅವರು ಇಟ್ಟಿದ್ದ ವಿವರವಾದ ದಿನಚರಿ, ಬರೆದು ಕಳಿಸಿದ್ದ ಉದ್ದುದ್ದದ ವರದಿಗಳನ್ನೇ ಅವರ ಗೀಳಿನ ಗುರುತಾಗಿ ಕ್ಯಾನರ್ ತೋರಿಸಿದರು. ಆ ವರದಿಗಳಿಲ್ಲದಿದ್ದರೆ ಅವರ ಪ್ರಬಂಧವೇ ಇರುತ್ತಿರಲಿಲ್ಲ. ಮಗುವಿನ ಒಂದೊಂದು ಮಾತನ್ನೂ ಕಾಪಿಟ್ಟುಕೊಂಡು ಬರೆದ ಹೆತ್ತವರ ಆಸ್ಥೆ ಅವರ ಮೇಲೆಯೇ ಸಾಕ್ಷಿಯಾಗಿ ತಿರುಗಿಬಿತ್ತು. ಇನ್ನು ಅವರೆಲ್ಲ ಓದಿದವರೇ ಆಗಿದ್ದೇಕೆ? 1938ರಲ್ಲಿ ಊರಿಂದೂರಿಗೆ ಪಯಣಿಸಿ ದೊಡ್ಡಾಸ್ಪತ್ರೆಯ ತಜ್ಞರನ್ನು ಕಾಣಲು ಯಾರಿಗೆ ಸಾಧ್ಯವಿತ್ತು? ವಕೀಲರು, ವೈದ್ಯರು, ಪ್ರಾಧ್ಯಾಪಕರಂಥವರಿಗೆ. ಬಡ ರೈತನ ಮಗುವಿನಲ್ಲಿ ಇದೇ ಸ್ಥಿತಿಯಿದ್ದರೂ ಅದು ಕ್ಯಾನರ್ ಅವರ ಬಾಗಿಲು ತಲುಪುವಂತಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲಿನ ಅಮೆರಿಕದ ಮನೋವೈದ್ಯಕೀಯದಲ್ಲಿ ಫ್ರಾಯ್ಡ್ ಪರಂಪರೆಯ ಮನೋವಿಶ್ಲೇಷಣೆಯದೇ ಕಾರುಬಾರು. ಮನಸ್ಸಿನ ಯಾವ ತೊಡಕಿಗೂ ಬೇರು ಬಾಲ್ಯದಲ್ಲಿ, ಬಾಲ್ಯದ ಬೇರು ತಾಯಿಯಲ್ಲಿ ಎಂಬುದು ಆಗ ಎಲ್ಲರೂ ಒಪ್ಪಿದ ಮಾತು. ಗಾಳಿ ಬಂದತ್ತ ಕ್ಯಾನರ್ ಕೂಡ ವಾಲಿದರು. 1949ರ ಲೇಖನದಲ್ಲಿ, ಈ ಮಕ್ಕಳನ್ನು ಎಂದೂ ಕರಗದ ರೆಫ್ರಿಜರೇಟರಿನಲ್ಲಿ ಇಟ್ಟಂತೆ ಬೆಳೆಸಲಾಗಿದೆ ಎಂಬ ಹೋಲಿಕೆ ಕೊಟ್ಟರು. ಟೈಮ್ ಪತ್ರಿಕೆ ಅದಕ್ಕೂ ಹಿಂದಿನ ವರ್ಷವೇ ಈ ವಿಚಾರವನ್ನು ಮನೆಮನೆಗೆ ತಲುಪಿಸಿತ್ತು. "ರೆಫ್ರಿಜರೇಟರ್ ತಾಯಿ" ಎಂಬ ಹಣೆಪಟ್ಟಿ ಹೀಗೆ ಚಾಲ್ತಿಗೆ ಬಂತು.

ಆ ಹಣೆಪಟ್ಟಿಯನ್ನು ಸಿದ್ಧಾಂತವಾಗಿ ಬೆಳೆಸಿದವರು ಬ್ರೂನೊ ಬೆಟಲ್‌ಹೈಮ್. 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಇವರು 1938–39ರಲ್ಲಿ ಡಾಖಾವ್ ಮತ್ತು ಬುಖನ್‌ವಾಲ್ಡ್ ಯಾತನಾ ಶಿಬಿರಗಳಲ್ಲಿ ಬಂದಿಯಾಗಿದ್ದು ಅಮೆರಿಕಕ್ಕೆ ಪಾರಾಗಿ ಬಂದವರು. 1944ರಿಂದ 1973ರವರೆಗೆ ಷಿಕಾಗೊ ವಿಶ್ವವಿದ್ಯಾಲಯದ ಆರ್ಥೊಜೆನಿಕ್ ಸ್ಕೂಲ್ ಎಂಬ ವಸತಿ ಶಾಲೆಯ ನಿರ್ದೇಶಕರಾಗಿದ್ದರು. 1967ರಲ್ಲಿ ಬಂದ ಅವರ "ದಿ ಎಂಪ್ಟಿ ಫೋರ್ಟ್ರೆಸ್" ಪುಸ್ತಕ, ಆಟಿಸಂ ಇರುವ ಮಗುವನ್ನು ಯಾತನಾ ಶಿಬಿರದ ಕೈದಿಗೆ ಹೋಲಿಸಿತು. ಹಾಗಾದರೆ ಕಾವಲಿನವರು ಯಾರು? ಹೆತ್ತವರು. ಈ ಮಗು ಇಲ್ಲದಿದ್ದರೆ ಚೆನ್ನಾಗಿತ್ತು ಎಂಬ ಅವರ ಒಳಗಿನ ಬಯಕೆಯೇ ಈ ಸ್ಥಿತಿಗೆ ಕಾರಣವೆಂದು ಬೆಟಲ್‌ಹೈಮ್ ಬರೆದರು. ಮಗುವನ್ನು ತಂದೆತಾಯಿಯಿಂದ ಬೇರ್ಪಡಿಸುವುದೇ ಚಿಕಿತ್ಸೆ ಎಂದರು. ಪತ್ರಿಕೆಗಳು ಕೊಂಡಾಡಿದವು, ಟಿವಿ ಕರೆದು ಕೂರಿಸಿತು. ಅವರು ಹೇಳಿಕೊಂಡ ಯಶಸ್ಸಿನ ಲೆಕ್ಕವನ್ನು ಹೊರಗಿನವರು ಪರೀಕ್ಷಿಸಿ ನೋಡಲಿಲ್ಲ. 1990ರಲ್ಲಿ ಅವರು ತೀರಿಕೊಂಡ ನಂತರ ಆ ಶಾಲೆಯಲ್ಲಿ ಬೆಳೆದ ಹಲವರು ಅಲ್ಲಿ ತಾವು ತಿಂದ ಹೊಡೆತಗಳ ಬಗ್ಗೆ ಬಾಯಿ ಬಿಟ್ಟರು.

ಈ ಸಿದ್ಧಾಂತ ಮನೆಗಳ ಒಳಗೆ ಏನು ಮಾಡಿತೆಂದು ಯೋಚಿಸಿದರೆ ಸಂಕಟವಾಗುತ್ತದೆ. ರಾತ್ರಿಯಿಡೀ ನಿದ್ದೆ ಮಾಡದ ಮಗು, ಎತ್ತಿಕೊಂಡರೆ ಬಿಲ್ಲಿನಂತೆ ಹಿಂದಕ್ಕೆ ಸೆಟೆದು ಚೀರುವ ಮಗು. ಅಂಥ ಮಗುವನ್ನು ಕರೆದುಕೊಂಡು ಹೋದ ತಾಯಿಗೆ ವೈದ್ಯರು, ಮೊದಲು ನಿಮ್ಮ ಮನಸ್ಸಿಗೆ ಚಿಕಿತ್ಸೆ ಮಾಡಿಸಿಕೊಳ್ಳಿ ಎನ್ನುತ್ತಿದ್ದರು. ಅದೇ ಮಡಿಲಲ್ಲಿ ಬೆಳೆದ ಬೇರೆ ಮಕ್ಕಳು ಚೆನ್ನಾಗಿದ್ದಾರಲ್ಲ ಎಂದು ಅವಳು ಕೇಳಿದರೆ ಉತ್ತರವಿರಲಿಲ್ಲ. ಅತ್ತರೆ ತಪ್ಪಿತಸ್ಥೆ ಎಂಬ ಭಾವ, ಅಳದಿದ್ದರೆ ತಣ್ಣನೆಯ ಹೆಂಗಸು. ಯಾವ ದಾರಿಯಲ್ಲೂ ಅವಳಿಗೆ ಬಿಡುಗಡೆಯಿರಲಿಲ್ಲ. ಇತ್ತ ಮಗುವಿಗೆ ಮಾತು, ಆಟ, ಅಕ್ಷರ ಕಲಿಸಬೇಕಾದ ವರ್ಷಗಳು ಕಳೆದುಹೋಗುತ್ತಿದ್ದವು.

ಮೊದಲ ಬಲವಾದ ಪ್ರತಿವಾದ ಬಂದದ್ದು ಒಬ್ಬ ತಂದೆಯಿಂದ. ಬರ್ನಾರ್ಡ್ ರಿಮ್ಲಂಡ್ ಸ್ಯಾನ್ ಡಿಯೇಗೊದಲ್ಲಿ ಅಮೆರಿಕದ ನೌಕಾಪಡೆಯ ಮನೋವಿಜ್ಞಾನಿ. 1956ರಲ್ಲಿ ಹುಟ್ಟಿದ ಅವರ ಮಗ ಮಾರ್ಕ್ ತೊಟ್ಟಿಲಿನಿಂದಲೇ ಎಡೆಬಿಡದೆ ಚೀರುತ್ತಿದ್ದ. ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದಿದ್ದರೂ ರಿಮ್ಲಂಡ್ ಆಟಿಸಂ ಎಂಬುದನ್ನು ಕೇಳಿರಲಿಲ್ಲ. ಕಾಲೇಜಿನಲ್ಲಿ ಓದಿದ ಪುಸ್ತಕವೊಂದರಲ್ಲಿ ಇಂಥ ಮಗುವಿನ ವಿವರಣೆಯಿತ್ತು ಎಂದು ನೆನಪಿಸಿಕೊಂಡವರು ಹೆಂಡತಿ ಗ್ಲೋರಿಯಾ. ಗ್ಯಾರೇಜಿನಲ್ಲಿದ್ದ ಹಳೆಯ ಪುಸ್ತಕಗಳನ್ನು ತೆಗೆದು ನೋಡಿದರೆ ಮಾರ್ಕ್‌ನ ಚಿತ್ರವೇ ಅಲ್ಲಿತ್ತು. ಅಲ್ಲಿಂದ ರಿಮ್ಲಂಡ್ ಪಟ್ಟು ಬಿಡಲಿಲ್ಲ. ನೌಕಾಪಡೆಯ ಕೆಲಸಕ್ಕೆ ಹೋದ ಊರುಗಳಲ್ಲೆಲ್ಲ ಗ್ರಂಥಾಲಯ ಹೊಕ್ಕರು. ಪರಭಾಷೆಯ ಪ್ರಬಂಧಗಳನ್ನು ಅನುವಾದ ಮಾಡಿಸಿ ಓದಿದರು. ತಾಯಿಯೇ ಕಾರಣ ಎನ್ನಲು ಯಾವ ಪುರಾವೆ ಇದೆ ಎಂಬುದೊಂದೇ ಅವರ ಹುಡುಕಾಟ. ಪುರಾವೆ ಎಲ್ಲೂ ಸಿಗಲಿಲ್ಲ.

1964ರಲ್ಲಿ ಬಂದ ಅವರ "ಇನ್ಫಂಟೈಲ್ ಆಟಿಸಂ" ಪುಸ್ತಕದ ವಾದಸರಣಿ ವಕೀಲರೊಬ್ಬರು ಕಟ್ಟಿದಂತಿದೆ. ಈ ತಾಯಂದಿರ ಬೇರೆ ಮಕ್ಕಳು ಸಾಮಾನ್ಯವಾಗಿಯೇ ಇದ್ದಾರೆ. ಹುಡುಗಿಯರಿಗಿಂತ ಹುಡುಗರಲ್ಲಿ ಈ ಸ್ಥಿತಿ ಮೂರು ನಾಲ್ಕು ಪಟ್ಟು ಹೆಚ್ಚು, ಗಂಡುಮಕ್ಕಳನ್ನೇ ಆರಿಸಿ ತಣ್ಣಗೆ ನೋಡುವ ತಾಯಿ ಎಲ್ಲಿದ್ದಾಳೆ? ಮಕ್ಕಳು ಹುಟ್ಟಿನಿಂದಲೇ ಬೇರೆ ರೀತಿ ಇದ್ದಾರೆ. ಮಿದುಳಿಗೆ ಪೆಟ್ಟಾದ ಮಕ್ಕಳಲ್ಲೂ ಇದೇ ಲಕ್ಷಣಗಳು ಕಾಣುತ್ತವೆ. ಆದ್ದರಿಂದ ಹುಡುಕಬೇಕಾದ್ದು ಮಿದುಳಿನಲ್ಲಿ. ಈ ಪುಸ್ತಕಕ್ಕೆ ಮುನ್ನುಡಿ ಬರೆದವರು ಲಿಯೊ ಕ್ಯಾನರ್. ಪುಸ್ತಕದ ಕೊನೆಗೆ ಹರಿದು ತುಂಬಿ ಕಳಿಸಬಹುದಾದ ಪ್ರಶ್ನಾವಳಿಯಿತ್ತು. ತಂದೆತಾಯಂದಿರು ಅದನ್ನು ತುಂಬಿ, ಜೊತೆಗೆ ಕಾಗದವನ್ನೂ ಬರೆದು ಅಂಚೆಗೆ ಹಾಕತೊಡಗಿದರು. ವೈದ್ಯರು ಕಿವಿಗೊಡದ ವಿವರಗಳನ್ನು ಕೇಳಲು ಕೊನೆಗೂ ಒಬ್ಬರು ಸಿಕ್ಕಿದ್ದರು.

ಬಿಡಿಬಿಡಿಯಾಗಿ ನೊಂದವರು ಗುಂಪುಗೂಡಿದರು. ಲಂಡನ್ನಿನಲ್ಲಿ 1962ರಲ್ಲೇ ಪೋಷಕರು ಸಂಘ ಕಟ್ಟಿದ್ದರು. ಅವರ ನಡುವೆ ಲೋರ್ನಾ ವಿಂಗ್ ಇದ್ದರು. ಸ್ವತಃ ಮನೋವೈದ್ಯೆ, 1956ರಲ್ಲಿ ಹುಟ್ಟಿದ ಮಗಳು ಸೂಸಿಗೆ ಆಟಿಸಂ. ಮುಂದೆ ಆಸ್ಪರ್ಗರ್ ಬರಹವನ್ನು ಇಂಗ್ಲಿಷ್ ಜಗತ್ತಿಗೆ ಪರಿಚಯಿಸಿ, ಆಟಿಸಂಗೆ ಒಂದೇ ಮುಖವಿಲ್ಲ, ಹಲವು ಛಾಯೆಗಳಿವೆ ಎಂದು ತೋರಿಸಿಕೊಟ್ಟವರು ಅವರೇ. ಅಮೆರಿಕದಲ್ಲಿ 1965ರಲ್ಲಿ ರಿಮ್ಲಂಡ್ ಮತ್ತು ರೂತ್ ಕ್ರೈಸ್ಟ್ ಸಲಿವನ್ ಎಂಬ ತಾಯಿ ಸೇರಿ ರಾಷ್ಟ್ರೀಯ ಸಂಘ ಸ್ಥಾಪಿಸಿದರು. ಬೆಟಲ್‌ಹೈಮ್ ಪುಸ್ತಕ ಬಂದ 1967ರಲ್ಲೇ ಕ್ಲಾರಾ ಕ್ಲೇಬಾರ್ನ್ ಪಾರ್ಕ್ ಎಂಬ ತಾಯಿ "ದಿ ಸೀಜ್" ಪ್ರಕಟಿಸಿದರು. ಮಗಳೊಡನೆ ನೆಲದ ಮೇಲೆ ಕೂತು, ತಿಂಗಳುಗಟ್ಟಲೆ ಕಾದು, ಒಂದೊಂದು ನೋಟ, ಒಂದೊಂದು ಮಾತನ್ನು ಗಳಿಸಿಕೊಂಡ ಕತೆ ಅದು. ಅಕ್ಕರೆಯಿಲ್ಲದ ತಾಯಿ ಎಂಬ ಕಲ್ಪನೆಗೆ ಆ ಪುಸ್ತಕವೇ ಸಾಕಷ್ಟು ಉತ್ತರ.

1969ರ ಜುಲೈನಲ್ಲಿ ಅಮೆರಿಕದ ಆ ರಾಷ್ಟ್ರೀಯ ಸಂಘದ ಸಭೆ ವಾಷಿಂಗ್ಟನ್ನಿನಲ್ಲಿ ಸೇರಿತು. ಎಪ್ಪತ್ತೈದು ತುಂಬಿದ್ದ ಕ್ಯಾನರ್ ವೇದಿಕೆ ಹತ್ತಿದರು. ತಂದೆತಾಯಂದಿರೇ, ನಿಮ್ಮನ್ನು ನಾನು ದೋಷಮುಕ್ತರನ್ನಾಗಿ ಮಾಡುತ್ತೇನೆ ಎಂಬರ್ಥದ ಮಾತು ಆಡಿದರು. ಈ ಸ್ಥಿತಿ ಹುಟ್ಟಿನಿಂದ ಬಂದದ್ದೆಂದು ತಾನು ಮೊದಲಿನಿಂದಲೂ ಹೇಳಿದ್ದೆ ಎಂದೂ ಸೇರಿಸಿದರು. 1943ರ ಪ್ರಬಂಧದ ಮಟ್ಟಿಗೆ ಅದು ನಿಜ. 1949ರ ಹೋಲಿಕೆಯೂ ಅವರದೇ ಎಂಬುದು ಅಷ್ಟೇ ನಿಜ. ಆದರೂ ಆ ಸಭಾಂಗಣದಲ್ಲಿ ಕುಳಿತವರಿಗೆ ಆ ಮಾತು ವರ್ಷಗಳ ಭಾರ ಇಳಿಸಿತು.

ಎರಡು ವರ್ಷದ ನಂತರ ಕ್ಯಾನರ್ ಆ 11 ಮಕ್ಕಳ ಜಾಡು ಹಿಡಿದು ಹೊರಟರು. ಸರ್ಕಾರಿ ಮಾನಸಿಕ ಆಸ್ಪತ್ರೆಗಳಿಗೆ ಸೇರಿದವರ ಬದುಕು ಅಲ್ಲೇ ಬತ್ತಿಹೋಗಿತ್ತು. ಡೊನಾಲ್ಡ್‌ನ ಕತೆ ಬೇರೆಯಾಗಿತ್ತು. 1942ರಲ್ಲಿ ಅವನನ್ನು ಊರಿಗೆ ಸುಮಾರು ಹತ್ತು ಮೈಲಿ ದೂರದ ರೈತ ದಂಪತಿಯ ಬಳಿ ಬಿಟ್ಟಿದ್ದರು. ಅಳೆಯುವ ಗೀಳಿನ ಹುಡುಗನಿಗೆ ಆ ರೈತ ಬಾವಿ ತೋಡುವ ಕೆಲಸ ಕೊಟ್ಟು, ಎಷ್ಟು ಆಳವಾಯಿತು ಹೇಳು ಎಂದ. ಎಣಿಸುವ ಗೀಳಿಗೆ ಜೋಳದ ಸಾಲುಗಳನ್ನು ಒಪ್ಪಿಸಿದ. ಹುಡುಗ ಸಾಲು ಎಣಿಸುತ್ತ ಎಣಿಸುತ್ತ ಹೊಲ ಉಳುವುದನ್ನು ಕಲಿತ. ಅವನು ಮುಂದೆ ಕಾಲೇಜು ಓದಿ 1958ರಲ್ಲಿ ಪದವಿ ಪಡೆದ, ಊರಿನ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ, ಕಾರು ಓಡಿಸಿದ, ಗಾಲ್ಫ್ ಆಡಿದ, ದೇಶದೇಶ ಸುತ್ತಿದ. 2023ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡ. ಆಟಿಸಂ ಅವನನ್ನು ಬಿಟ್ಟು ಹೋಗಲಿಲ್ಲ. ಊರು ಅವನನ್ನು ಇದ್ದ ಹಾಗೆಯೇ ತನ್ನವನೆಂದು ಒಪ್ಪಿಕೊಂಡಿತು.

ಆರೋಪದಿಂದ ಬಿಡುಗಡೆಯ ಮಾತು ಬಂತು ಸರಿ, ಪುರಾವೆ? ಅದು ಬಂದದ್ದು ಲಂಡನ್ನಿನಿಂದ. ಅಲ್ಲಿನ ಮನೋವೈದ್ಯ ಮೈಕೆಲ್ ರಟರ್ 1960ರ ದಶಕದಲ್ಲಿ, ಆಟಿಸಂನಲ್ಲಿ ಅನುವಂಶೀಯತೆಯ ಪಾತ್ರ ಅಷ್ಟೇನೂ ಇರಲಾರದು ಎಂದು ನಂಬಿದ್ದರು. ಆಟಿಸಂ ಇರುವವರ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು ಇಬ್ಬರಲ್ಲಿ ಮಾತ್ರ ಅದು ಕಾಣುತ್ತಿತ್ತು, ಅದು ತೀರಾ ಕಡಿಮೆಯೆಂದು ಅವರ ಅಂದಾಜು. ಆಮೇಲೆ ಲೆಕ್ಕವನ್ನು ಮತ್ತೊಮ್ಮೆ ನೋಡಿದರು. ಆಗಿನ ಸಮೀಕ್ಷೆಗಳ ಪ್ರಕಾರ ಒಟ್ಟು ಮಕ್ಕಳಲ್ಲಿ ಆಟಿಸಂ ಇದ್ದದ್ದು ಹತ್ತು ಸಾವಿರಕ್ಕೆ ನಾಲ್ಕೈದು ಮಂದಿಯಲ್ಲಿ. ಅದರ ಮುಂದೆ ನೂರಕ್ಕೆ ಎರಡು ಎಂದರೆ ನಲವತ್ತು ಐವತ್ತು ಪಟ್ಟು! ರಟರ್ ತಮ್ಮ ಅಭಿಪ್ರಾಯ ಬದಲಿಸಿಕೊಂಡರು. ಅಮೆರಿಕದಿಂದ ಬಂದಿದ್ದ ಸೂಸನ್ ಫೋಲ್‌ಸ್ಟೀನ್ ಜೊತೆ ಸೇರಿ ಅವಳಿ ಮಕ್ಕಳ ಅಧ್ಯಯನಕ್ಕೆ ಇಳಿದರು.

ಇಂಥ ಅಧ್ಯಯನದ ಹಿಂದಿನ ತರ್ಕ ಸರಳ. ಅವಳಿಗಳಲ್ಲಿ ಎರಡು ಬಗೆ. ಒಂದೇ ಅಂಡ ಒಡೆದು ಹುಟ್ಟಿದವರು ತದ್ರೂಪಿಗಳು, ಅವರ ವಂಶವಾಹಿಗಳು ಹೆಚ್ಚು ಕಡಿಮೆ ಒಂದೇ. ಎರಡು ಅಂಡಗಳಿಂದ ಹುಟ್ಟಿದವರು ಸಾಮಾನ್ಯ ಅಣ್ಣತಮ್ಮಂದಿರಷ್ಟೇ ಹೋಲುತ್ತಾರೆ. ಎರಡೂ ಬಗೆಯವರಿಗೆ ತಾಯಿ ಒಬ್ಬಳೇ, ಮನೆ ಒಂದೇ, ವಯಸ್ಸೂ ಒಂದೇ. ತಾಯಿಯ ನಡವಳಿಕೆಯೇ ಕಾರಣವಾಗಿದ್ದರೆ ಎರಡೂ ಗುಂಪಿನಲ್ಲಿ ಫಲಿತಾಂಶ ಒಂದೇ ಥರ ಇರಬೇಕು. ಬ್ರಿಟನ್ನಿನ ಉದ್ದಗಲಕ್ಕೆ ಹುಡುಕಿ 21 ಜೋಡಿಗಳನ್ನು ಕಲೆಹಾಕಿದರು. 11 ಜೋಡಿ ತದ್ರೂಪಿಗಳು, 10 ಜೋಡಿ ಅಲ್ಲದವರು. ತದ್ರೂಪಿಗಳ 11 ಜೋಡಿಯಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಉಳಿದ 10 ಜೋಡಿಗಳಲ್ಲಿ ಒಂದರಲ್ಲೂ ಇರಲಿಲ್ಲ. ಮಾತು, ಗ್ರಹಿಕೆಯ ತೊಡಕುಗಳನ್ನೂ ಸೇರಿಸಿ ನೋಡಿದರೆ ಅಂತರ ಇನ್ನೂ ದೊಡ್ಡದು: 11ರಲ್ಲಿ 9, ಇನ್ನೊಂದು ಕಡೆ 10ರಲ್ಲಿ 1. 1977ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಇಪ್ಪತ್ತೊಂದು ಜೋಡಿ ಸಣ್ಣ ಸಂಖ್ಯೆಯೇ. ಆದರೂ ಅಲ್ಲಿಂದಾಚೆ ತಾಯಿಯ ತಲೆಗೆ ಅಪರಾಧ ಕಟ್ಟುವುದು ವಿಜ್ಞಾನದ ಹೆಸರಿನಲ್ಲಿ ಸಾಧ್ಯವಾಗಲಿಲ್ಲ. 1995ರಲ್ಲಿ ಇನ್ನಷ್ಟು ಜೋಡಿಗಳೊಂದಿಗೆ ನಡೆದ ಅಧ್ಯಯನ ಅದನ್ನೇ ಗಟ್ಟಿಗೊಳಿಸಿತು.

ಮಿದುಳಿನ ಕಡೆಯಿಂದಲೂ ಸಾಕ್ಷ್ಯ ಕೂಡಿಬರುತ್ತಿತ್ತು. ಅಮೆರಿಕದಲ್ಲಿ 1964ರ ರುಬೆಲ್ಲಾ ಪಿಡುಗಿನ ಕಾಲದಲ್ಲಿ ಗರ್ಭದಲ್ಲೇ ಸೋಂಕು ತಗುಲಿ ಹುಟ್ಟಿದ 243 ಮಕ್ಕಳನ್ನು ಸ್ಟೆಲಾ ಚೆಸ್ ಪರೀಕ್ಷಿಸಿದ್ದರು. 18 ಮಕ್ಕಳಲ್ಲಿ ಆಟಿಸಂನ ಪೂರ್ಣ ಅಥವಾ ಭಾಗಶಃ ಲಕ್ಷಣಗಳಿದ್ದವು. ಆಟಿಸಂ ಇದ್ದ ಎಷ್ಟೋ ಮಕ್ಕಳಿಗೆ ಹರೆಯದಲ್ಲಿ ಫಿಟ್ಸ್ ಶುರುವಾಗುತ್ತಿತ್ತು. ಫಿಟ್ಸ್ ಮಿದುಳಿನ ವಿದ್ಯುತ್ ಚಟುವಟಿಕೆಯ ಏರುಪೇರು, ಅದನ್ನು ಯಾವ ತಾಯಿಯೂ ಮುಖಭಾವದಿಂದ ತರಿಸಲಾರಳು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಆಟಿಸಂ ಅನ್ನು ಸ್ಕಿಜೋಫ್ರೇನಿಯಾದಿಂದ ಬೇರ್ಪಡಿಸಿ ಬೆಳವಣಿಗೆಯ ತೊಡಕುಗಳ ಸಾಲಿಗೆ ಸೇರಿಸಿತು. 1985ರಲ್ಲಿ ಮಾರ್ಗರೆಟ್ ಬಾಮನ್ ಮತ್ತು ಥಾಮಸ್ ಕೆಂಪರ್, ಆಟಿಸಂ ಇದ್ದು ತೀರಿಕೊಂಡಿದ್ದ 29 ವರ್ಷದ ವ್ಯಕ್ತಿಯ ಮಿದುಳನ್ನು ತೆಳು ಪದರಗಳಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ನೋಡಿದರು. ನೆನಪು ಮತ್ತು ಭಾವನೆಗೆ ಸಂಬಂಧಿಸಿದ ಭಾಗಗಳಲ್ಲಿ ನರಕೋಶಗಳು ಚಿಕ್ಕವಾಗಿ, ಒತ್ತೊತ್ತಾಗಿ ಇದ್ದವು. ಕಿರುಮಿದುಳಿನ ಪರ್ಕಿಂಜೆ ಕೋಶಗಳು ಕಡಿಮೆಯಿದ್ದವು. 2003ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಥಾಮಸ್ ಬೂರ್ಜೆರಾನ್ ತಂಡ, ಎರಡು ಕುಟುಂಬಗಳ ಆಟಿಸಂ ಇದ್ದ ಸಹೋದರರಲ್ಲಿ ನರಕೋಶಗಳ ಸಂಧಿಯನ್ನು ಕಟ್ಟುವ ಪ್ರೋಟೀನಿನ ವಂಶವಾಹಿಗಳಲ್ಲೇ ಬದಲಾವಣೆ ಕಂಡಿತು. 2020ರ ದೊಡ್ಡ ಅಧ್ಯಯನವೊಂದು ಆಟಿಸಂಗೆ ನಂಟಿರುವ 102 ವಂಶವಾಹಿಗಳನ್ನು ಗುರುತಿಸಿತು. ಅವುಗಳಲ್ಲಿ ಹೆಚ್ಚಿನವು ಕೆಲಸ ಶುರುಮಾಡುವುದು ಮಗು ಹುಟ್ಟುವ ಮೊದಲೇ, ಮಿದುಳು ರೂಪುಗೊಳ್ಳುವ ಹೊತ್ತಿನಲ್ಲಿ.

ಇಷ್ಟಾದರೂ ದೂಷಣೆ ಮಾರುವೇಷದಲ್ಲಿ ಮರಳಿತು. 1998ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 12 ಮಕ್ಕಳ ವರದಿ ಪ್ರಕಟಿಸಿ ಮಕ್ಕಳಿಗೆ ಹಾಕುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆಯೆಂಬ ಅನುಮಾನ ಎಬ್ಬಿಸಿದರು. ಡೆನ್ಮಾರ್ಕಿನಲ್ಲಿ 5,37,303 ಮಕ್ಕಳ ದಾಖಲೆ ಪರಿಶೀಲಿಸಿದ 2002ರ ಅಧ್ಯಯನದಲ್ಲಿ ಅಂಥ ಯಾವ ನಂಟೂ ಕಾಣಲಿಲ್ಲ. 2010ರಲ್ಲಿ ಲಾನ್ಸೆಟ್ ಆ ವರದಿಯನ್ನು ಹಿಂತೆಗೆದುಕೊಂಡಿತು, ವೇಕ್‌ಫೀಲ್ಡ್ ವೈದ್ಯ ಪರವಾನಗಿ ಕಳೆದುಕೊಂಡರು. ಆ ನಡುವಿನ ವರ್ಷಗಳಲ್ಲಿ ಎಷ್ಟು ತಾಯಂದಿರು, ಚುಚ್ಚುಮದ್ದು ಹಾಕಿಸಿ ಮಗುವನ್ನು ನಾನೇ ಹೀಗೆ ಮಾಡಿದೆನೆಂದು ಕೊರಗಿರಬೇಡ! ತಾಯಂದಿರನ್ನು ಬಿಡಿಸಿದ ರಿಮ್ಲಂಡ್ ಕೂಡ ಕೊನೆಗಾಲದಲ್ಲಿ ಲಸಿಕೆಯನ್ನು ಸಂಶಯಿಸಿದವರ ಸಾಲಿಗೆ ಸೇರಿದರು. ಒಂದು ಕಡೆ ಪುರಾವೆ ಕೇಳಿದವರು ಇನ್ನೊಂದು ಕಡೆ ಕೇಳುವುದನ್ನು ಮರೆಯಬಹುದು ಎಂಬುದಕ್ಕೆ ಅವರ ಬದುಕೇ ಎಚ್ಚರಿಕೆ.

ಈ ಚರಿತ್ರೆ ನಮ್ಮಿಂದ ದೂರದ್ದಲ್ಲ. ಮಾತು ತಡವಾದ ಮಕ್ಕಳನ್ನು ಕರೆದುಕೊಂಡು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಬರುವ ತಾಯಂದಿರು ಮನೆಯಲ್ಲಿ ಏನು ಕೇಳಿಸಿಕೊಂಡು ಬರುತ್ತಾರೆಂದು ನಮಗೆ ಗೊತ್ತು. "ನೀನು ಕೆಲಸಕ್ಕೆ ಹೋದ್ರೆ ಮಗು ಹತ್ರ ಮಾತಾಡೋರು ಯಾರು?" "ಮೊಬೈಲ್ ಕೊಟ್ಟು ಕೆಡಿಸಿದ್ದು ನೀನೇ." "ಬಸುರೀಲಿ ಗ್ರಹಣ ನೋಡಿದ್ಯೇನೋ." ಮೊಬೈಲ್ ಕಡಿಮೆ ಮಾಡುವುದು ಎಲ್ಲ ಮಕ್ಕಳಿಗೂ ಒಳ್ಳೆಯದೇ, ಆದರೆ ಆಟಿಸಂಗೆ ಅದೇ ಕಾರಣ ಎಂದು ಸಾಬೀತಾಗಿಲ್ಲ. ಡೊನಾಲ್ಡ್ ಹುಟ್ಟಿದ 1933ರಲ್ಲಿ ಅವನ ಊರಿನ ಮನೆಗಳಲ್ಲಿ ಟಿವಿಯೂ ಇರಲಿಲ್ಲ. ಇನ್ನು ಅನುವಂಶೀಯತೆಯ ಸುದ್ದಿ ಕಿವಿಗೆ ಬಿದ್ದರೆ, "ನಮ್ಮ ಮನೆತನದಲ್ಲಿ ಇಂಥದ್ದಿಲ್ಲ, ನಿನ್ನ ತವರಿಂದ ಬಂದದ್ದು" ಎಂಬ ಹೊಸ ಮಾತು ಹುಟ್ಟಿಕೊಳ್ಳುತ್ತದೆ. ತಾಯಿಯನ್ನು ಬಿಡಿಸಿದ ಸತ್ಯವನ್ನೇ ಅವಳ ಕೊರಳಿಗೆ ಮತ್ತೆ ಸುತ್ತುವ ಕ್ರೌರ್ಯವಿದು. ವಂಶವಾಹಿಗಳು ಎರಡೂ ಮನೆತನಗಳಿಂದ ಬರುತ್ತವೆ. ಎಷ್ಟೋ ಬದಲಾವಣೆಗಳು ತಂದೆಯಲ್ಲೂ ಇರದೆ ತಾಯಿಯಲ್ಲೂ ಇರದೆ ಮಗುವಿನಲ್ಲೇ ಹೊಸದಾಗಿ ಉಂಟಾಗುತ್ತವೆ.

ನಮ್ಮ ದೇಶದ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಬಂತು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಪೂರ್ಣವಾಗಿ ಒಳಗೊಂಡಿತು. ಕಾನೂನು ಒಪ್ಪಿದ್ದನ್ನು ಮನೆ, ಶಾಲೆ, ಆಸ್ಪತ್ರೆಯೂ ಒಪ್ಪಬೇಕು. ಕ್ಯಾನರ್ ಅವರ ಹೋಲಿಕೆಯಿಂದ ನೇಚರ್ ಪ್ರಬಂಧದವರೆಗಿನ ಇಪ್ಪತ್ತೆಂಟು ವರ್ಷಗಳಲ್ಲಿ ಒಂದು ತಲೆಮಾರಿನ ಮಕ್ಕಳ ಕಲಿಯುವ ಕಾಲ ಅವರ ತಾಯಂದಿರ ವಿಚಾರಣೆಯಲ್ಲೇ ಮುಗಿದುಹೋಯಿತು. ಕಾರಣ ತಿಳಿಯದಿದ್ದಾಗ ಹತ್ತಿರ ಸಿಕ್ಕವರನ್ನು ದೂರುವುದರ ಬೆಲೆ ಅದು. ಆ ಬೆಲೆಯನ್ನು ಇನ್ನೊಮ್ಮೆ ತೆರುವ ಅಗತ್ಯ ನಮಗಿಲ್ಲ. ಮಾತು ತಡವಾದ ಮಗುವನ್ನು ಎತ್ತಿಕೊಂಡು ಬಂದ ತಾಯಿಯನ್ನು ಮೊದಲು ಕೇಳಬೇಕಾದ್ದು, ಈ ಮಗುವಿಗೆ ಏನಿಷ್ಟ, ಯಾವುದು ಕಷ್ಟ ಎಂದು. ಅದಕ್ಕೆ ಅವಳಷ್ಟು ಸರಿಯಾಗಿ ಉತ್ತರಿಸಬಲ್ಲವರು ಬೇರೆ ಯಾರೂ ಇಲ್ಲ. ಚಿಕಿತ್ಸೆ ಶುರುವಾಗಬೇಕಾದ್ದೂ ಆ ಉತ್ತರದಿಂದಲೇ.